ಸೀಳಿಲ್ಲದ ಪ್ಲೇಟುಗಳು

ಜೂನ್ 2, ಸೋಮವಾರ

ತಪ್ಪು ಪ್ಲೇಟಿನದು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿರುವುದರಿಂದ ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ. ಮರದ ತಪ್ಪಲ್ಲ, ಗರಗಸದ ತಪ್ಪಲ್ಲ, ಇಪ್ಪತ್ತೈದು ವರ್ಷದಿಂದ ಕಪಾಟು ಮಾಡಿಕೊಂಡು ಬಂದಿರುವ ನನ್ನದಂತೂ ಅಲ್ಲವೇ ಅಲ್ಲ.

ನಮ್ಮ ವರ್ಕ್‌ಶಾಪಿನ ಟೇಬಲ್ ಗರಗಸದಲ್ಲಿ ಬ್ಲೇಡು ಮೇಜಿನ ಅಡಿಯಿಂದ ತಲೆ ಎತ್ತುತ್ತದೆ. ಅದು ತಲೆ ಎತ್ತುವ ಕಡೆ ಮೇಜಿಗೆ ಒಂದು ಉದ್ದನೆಯ ಬಾಯಿ. ಆ ಬಾಯಿಗೆ ಮುಚ್ಚುವುದೇ ಪ್ಲೇಟು. ಪ್ಲೇಟಿನ ನಡುವೆ ಬ್ಲೇಡಿಗೆ ದಾರಿ ಬಿಡುವ ಸೀಳು ಇರುತ್ತದೆ. ಕಂಪನಿಯವರು ಕೊಟ್ಟ ತಗಡಿನ ಪ್ಲೇಟಿನಲ್ಲಿ ಸೀಳು ಮೊದಲೇ ಅಗಲ, ವರ್ಷಗಟ್ಟಲೆ ಪೆಟ್ಟು ತಿಂದು ಹೆಬ್ಬೆರಳು ತೂರುವಷ್ಟಾಗಿತ್ತು. ಹೋದ ತಿಂಗಳು ಕತ್ತರಿಸಿ ಉಳಿದ ಒಂದು ತೆಳ್ಳನೆಯ ಪಟ್ಟಿ ಆ ಸಂದಿಗೆ ಜಾರಿತು. ಬ್ಲೇಡು ಅದನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ಎಸೆಯಿತು. ಪಟ್ಟಿ ನನ್ನ ತೋಳಿನ ಪಕ್ಕದಲ್ಲೇ ಹಾದು ಬಾಗಿಲಿನ ಕಡೆಗೆ ಹೋಯಿತು. ಯಾರದೋ ಫೋನ್ ಬಂದಿದೆ ಎಂದು ಹೇಳಲು ನನ್ನ ಹೆಂಡತಿ ಆಗಲೇ ಬಾಗಿಲು ತೆರೆದಳು. ಎಡ ಹುಬ್ಬಿನ ಮೇಲೆ ಬಿತ್ತು.

ಹೊಲಿಗೆ ಹಾಕಿದರು, ಗಾಯ ಮಾಗಿದೆ. ಹುಬ್ಬಿನ ಮೇಲೆ ಇನ್ನೊಂದು ಹುಬ್ಬು ಬಂತು ಅಂತ ಅವಳೇ ಕನ್ನಡಿ ನೋಡಿಕೊಂಡು ನಗುತ್ತಾಳೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಆ ಪ್ಲೇಟನ್ನು ಅವತ್ತೇ ಸುತ್ತಿಗೆ ತೆಗೆದುಕೊಂಡು ಹಳೇ ಚಪ್ಪಲಿಯ ಹಾಗೆ ಬಾಗಿಸಿ ಹಾಕಿದೆ. ಬ್ಲೇಡನ್ನು ಬಿಚ್ಚಿ, ತುಕ್ಕು ಹಿಡಿಯಬಾರದೆಂದು ಪೇಪರಿನಲ್ಲಿ ಸುತ್ತಿ, ಬೀರುವಿನ ಮೇಲಿಟ್ಟೆ. ಗರಗಸಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದೆ. ಸರಿಯಾದ ಪ್ಲೇಟು ಸಿಗುವವರೆಗೆ ಅದನ್ನು ಚಾಲೂ ಮಾಡುವುದಿಲ್ಲ. ಇದು ಹೆದರಿಕೆಯಲ್ಲ, ಶಿಸ್ತು.

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಕಪಾಟುಗಳು ತಿಂಗಳ ಕೊನೆಗೆ ಆಗಬೇಕು. ಪ್ಲೈವುಡ್ ಹಾಳೆಗಳು ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿವೆ. ಪ್ಲೇಟು ಒಂದು ಸಿಗಲಿ.

ಜೂನ್ 4, ಬುಧವಾರ

ಯಂತ್ರಗಳ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಅಂಗಡಿಯವನಿಗೆ ನಾನಿಟ್ಟಿರುವ ಹೆಸರು 'ನಿಲ್ಲಿಸಿಬಿಟ್ಟಿದಾರೆ'. ಬೆಲ್ಟ್ ಕೇಳಿದರೂ ಅದೇ ಉತ್ತರ, ಬೇರಿಂಗ್ ಕೇಳಿದರೂ ಅದೇ ಉತ್ತರ. ಇವತ್ತು ನಮ್ಮ ಗರಗಸದ ಮಾಡೆಲ್ ಹೇಳಿದ್ದಕ್ಕೆ, ಬಳಗದಲ್ಲಿ ಯಾರೋ ಹೋದ ಸುದ್ದಿ ಕೇಳಿದವನ ಹಾಗೆ ತಲೆ ತಗ್ಗಿಸಿದ. ಆಮೇಲೆ ಹೇಳಿದ. ಅದೇ ಮಾತು.

ಪ್ಲೇಟೊಂದೇ ಸಾಕು, ಯಂತ್ರ ಬೇಡ ಎಂದು ಗೋಗರೆದೆ. ಏಣಿ ಹತ್ತಿ, ಧೂಳು ಕೊಡವಿ, ಬೇರೆ ಮಾಡೆಲ್ಲಿನದೊಂದನ್ನು ಇಳಿಸಿದ. ಹತ್ತಿರ ಹತ್ತಿರ ಆಗುತ್ತಂತೆ. ತಂದು ಇಟ್ಟು ನೋಡಿದರೆ ಅಗಲ ಸರಿ, ಉದ್ದ ಒಂದು ಬೆರಳು ಹೆಚ್ಚು. ಒಂದು ತುದಿ ಕೂತರೆ ಇನ್ನೊಂದು ಏಳುತ್ತದೆ. ಸಂಜೆಯೇ ವಾಪಸ್ಸು ಕೊಡಲು ಹೋದೆ. ವಾಪಸ್ಸು ತೆಗೆದುಕೊಳ್ಳುವುದನ್ನೂ ನಿಲ್ಲಿಸಿಬಿಟ್ಟಿದ್ದಾರಂತೆ.

ಜೂನ್ 6, ಶುಕ್ರವಾರ

'ನಿಲ್ಲಿಸಿಬಿಟ್ಟಿದಾರೆ' ಮೊದಲ ಸಲ ಒಂದು ಉಪಯೋಗಕ್ಕೆ ಬರುವ ಮಾತಾಡಿದ. ನೀವೇ ಯಾಕೆ ಮಾಡಿಕೊಳ್ಳಬಾರದು ಅಂದ. ಸೀಳೇ ಇಲ್ಲದ ಪ್ಲೇಟು ಮಾಡಿ, ಬಾಯಿಗೆ ಕೂರಿಸಿ, ಮೇಲಿನಿಂದ ಬಿಗಿಹಿಡಿದು, ತಿರುಗುತ್ತಿರುವ ಬ್ಲೇಡನ್ನು ಅಡಿಯಿಂದ ನಿಧಾನವಾಗಿ ಏರಿಸುವುದು. ಬ್ಲೇಡು ತನ್ನ ದಾರಿಯನ್ನು ತಾನೇ ಕೊರೆದುಕೊಂಡು ಮೇಲೆ ಬರುತ್ತದೆ. ಸೀಳು ಬ್ಲೇಡಿನಷ್ಟೇ ಅಗಲ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಪಟ್ಟಿ ಜಾರುವುದಕ್ಕೆ ಸಂದಿಯೇ ಇರುವುದಿಲ್ಲ.

ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಮೊದಲ ಸಲ ಕೇಳಿದವನ ಹಾಗೆ ತಲೆ ಆಡಿಸಿ ಬಂದೆ, ಪಾಪ, ಅವನಿಗೂ ಒಂದು ಸಂತೋಷ.

ಮಧ್ಯಾಹ್ನ ಪ್ಲೈವುಡ್ ತುಂಡಿನಲ್ಲಿ ಒಂದು ಮಾಡಿದೆ. ಕೈಗರಗಸದಲ್ಲಿ ಕೊಯ್ದು, ಅರ ಹಾಕಿ ಮೂಲೆ ಉರುಟು ಮಾಡಿ, ಮರಳು ಕಾಗದ ಉಜ್ಜಿದೆ. ಎತ್ತುವುದಕ್ಕೆ ಒಂದು ಬೆರಳುತೂತನ್ನೂ ಕೊರೆದೆ. ಬಾಯಿಗೆ ಇಟ್ಟು ಒತ್ತಿದರೆ ಹೇಳಿ ಮಾಡಿಸಿದಂತೆ ಕೂತಿತು. ಕಣ್ಣು ಮುಚ್ಚಿ ಕೈ ಆಡಿಸಿದರೆ ಮೇಜು ಎಲ್ಲಿ ಮುಗಿಯಿತು, ಪ್ಲೇಟು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಖುಷಿಯಾಯಿತು.

ಆದರೆ ಅಂಚಿನಲ್ಲಿ ಪ್ಲೈವುಡ್ಡಿನ ಪದರ ಒಂದು ಕಡೆ ಸ್ವಲ್ಪ ಬಿಟ್ಟಿದೆ. ಇಂಥದ್ದನ್ನು ನಂಬಿ ಬ್ಲೇಡು ಏರಿಸುವುದು ಬೇಡ. ಗಟ್ಟಿ ಮರದಲ್ಲಿ ಇನ್ನೊಂದು ಮಾಡುತ್ತೇನೆ.

ಜೂನ್ 8, ಭಾನುವಾರ

ತೇಗದ್ದು ಮುಗಿಯಿತು. ಮೊದಲಿನದಕ್ಕಿಂತ ಚೆನ್ನಾಗಿದೆ. ಆದರೆ ಮರ ಅಂದಮೇಲೆ ತೇವಕ್ಕೆ ಉಬ್ಬುತ್ತದೆ, ಮಳೆಗಾಲದಲ್ಲಿ ಸಿಕ್ಕಿಹಾಕಿಕೊಂಡರೆ ಗತಿಯೇನು. ಅಕ್ರಿಲಿಕ್ ಉಬ್ಬುವುದಿಲ್ಲ.

ಜೂನ್ 10, ಮಂಗಳವಾರ

ಅಕ್ರಿಲಿಕ್ ಪ್ಲೇಟು ಗಾಜಿನ ಹಾಗೆ ಹೊಳೆಯುತ್ತಿದೆ. ಹೊಳೆಯುವುದೇ ತೊಂದರೆ. ಕೆಲಸ ಮಾಡುವಾಗ ದೀಪ ಅದರಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆದರೆ? ಹಾಗಾಗಿ ಕಪ್ಪು ಲ್ಯಾಮಿನೇಟ್ ಅಂಟಿಸಿದ ಒಂದನ್ನು ಶುರು ಮಾಡಿದ್ದೇನೆ. ಬೀಟೆಯದೊಂದು ತುಂಡೂ ಇದೆ, ಅದನ್ನು ಯಾಕೆ ಸುಮ್ಮನೆ ಬಿಡಬೇಕು.

ಇವಳು ತೇಗದ ಪ್ಲೇಟನ್ನು ಅಡುಗೆಮನೆಗೆ ಒಯ್ದು ಬಿಸಿ ಪಾತ್ರೆ ಇಡಲು ಬಳಸುತ್ತಿದ್ದಾಳೆ. ನೋಡಿ ನನ್ನ ಎದೆ ಧಸಕ್ಕೆಂದಿತು. ಇದು ಯಂತ್ರದ ಭಾಗ, ಇಷ್ಟು ನುಣುಪು ಬರಲು ಎರಡು ದಿನ ಉಜ್ಜಿದ್ದೇನೆ ಎಂದೆ. ಬೆರಳು ಹಾಕಿ ಎತ್ತುವುದಕ್ಕೆ ತೂತು ಬೇರೆ ಇದೆ, ಎಷ್ಟು ಅನುಕೂಲ ನೋಡಿ ಎಂದಳು. ಪಾಲಿಶ್ ಹಾಕುವುದು ಇವಳ ಕೆಲಸ. ನಾನು ಮರ ಕೊಯ್ದು ಕೊಡದೆ ಇವಳಿಗೂ ಕೈಕೆಲಸವಿಲ್ಲ, ಅದಕ್ಕೇ ನನ್ನ ಪ್ಲೇಟುಗಳ ಮೇಲೆ ಕಣ್ಣು.

ಜೂನ್ 12, ಗುರುವಾರ

ಭಾಮೈದ ಬಂದಿದ್ದ. ಇವಳ ತಮ್ಮ, ಸಾಮಾನು ಸಾಗಿಸುವ ಮರದ ಪೆಟ್ಟಿಗೆಗಳನ್ನು ಮಾಡಿಸುವವನು. ಮನೆಗೆ ಬಂದವನು ಅಕ್ಕನನ್ನು ಮಾತಾಡಿಸುವ ಮೊದಲು ವರ್ಕ್‌ಶಾಪಿಗೆ ನುಗ್ಗುತ್ತಾನೆ. ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟ ಪ್ಲೇಟುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಭಾವ, ಎಲ್ಲಾ ಚೆನ್ನಾಗಿದೆ. ಇವಕ್ಕೆ ಸೀಳೆಲ್ಲಿ?"

ಬ್ಲೇಡೇ ಸೀಳು ಕೊರೆದುಕೊಳ್ಳುತ್ತದೆ ಎಂಬ ವಿಷಯವನ್ನು ಅವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಹಾಗಾದರೆ ಯಾವಾಗ ಕೊರೆಸುತ್ತೀರಿ ಎಂದ. ಸರಿಯಾದ ಪ್ಲೇಟು ಇಲ್ಲದೆ ಗರಗಸ ಚಾಲೂ ಮಾಡುವ ಹಾಗಿಲ್ಲವಲ್ಲ ಎಂದೆ. ಗರಗಸ ಚಾಲೂ ಮಾಡದೆ ಪ್ಲೇಟು ಆಗುವುದಿಲ್ಲವಲ್ಲ ಎಂದ. ಇಂಥ ಕುತರ್ಕದವರ ಜೊತೆ ಏನು ಮಾತಾಡುವುದು.

ಆಮೇಲೆ ಬಂದ ವಿಷಯಕ್ಕೆ ಬಂದ. ಅವನ ಗರಗಸ ಮುದಿಯಾಗಿದೆಯಂತೆ. ನಮ್ಮದು ಸುಮ್ಮನೆ ಬೆಡ್‌ಶೀಟ್ ಹೊದ್ದು ಮಲಗಿದೆ, ಕೊಟ್ಟುಬಿಡಿ, 21ನೇ ತಾರೀಖು ಶನಿವಾರ ಲಾರಿ ತಂದು ಹೇರಿಕೊಂಡು ಹೋಗುತ್ತೇನೆ ಎಂದ. ಡಾಕ್ಟರಮ್ಮನ ಹಾಳೆಗಳನ್ನು ಬೇರೆಯವರ ಹತ್ತಿರ ಕೊಯ್ಸಿ ಕೊಡುವುದೂ ತನ್ನ ಜವಾಬ್ದಾರಿ ಅಂದ. ನೋಡೋಣ ಎಂದೆ. ಅದನ್ನು ಅವನು ಆಯಿತು ಎಂದೇ ಹಿಡಿದುಕೊಂಡು ಅಕ್ಕನಿಗೂ ಹೇಳಿಬಿಟ್ಟ. ನಾನೂ ತಿದ್ದಲಿಲ್ಲ.

ಅವನು ಹೋದಮೇಲೆ ಇವಳ ಬಾಯಿಗೆ ಬೀಗ ಬಿತ್ತು. ಊಟಕ್ಕೆ ಬಡಿಸಿ ಎದುರಿಗೇ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೂನ್ 14, ಶನಿವಾರ

ಇವಳು ಅಂಗಡಿಗೆ ಹೋಗಿದ್ದಾಗ ಬೆಡ್‌ಶೀಟ್ ತೆಗೆದು ಸ್ವಿಚ್ ಒತ್ತಿದೆ. ಬ್ಲೇಡು ಬೀರುವಿನ ಮೇಲೇ ಇತ್ತು. ಮೋಟರು ತಿರುಗಿತು. ಆಫ್ ಮಾಡಿದೆ. ಸದ್ದು ಯಾಕೋ ಸರಿಯಿಲ್ಲ. ಕೈಯೆಲ್ಲ ಬೆವರಿತ್ತು, ಸೆಕೆ ಜಾಸ್ತಿ.

ಜೂನ್ 16, ಸೋಮವಾರ

ಡಾಕ್ಟರಮ್ಮ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು. ನಡೀತಾ ಇದೆ ಎಂದೆ. ಸುಳ್ಳಲ್ಲ, ಕೈಗರಗಸದಲ್ಲಿ ಒಂದು ಹಾಳೆ ಕೊಯ್ಯುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಕೊಯ್ದರೆ ಒಂದು ಬಾಗಿಲಾಗುತ್ತದೆ, ಅದೂ ನನ್ನ ಸೊಂಟದ ಹಾಗೆ ಒಂದು ಕಡೆಗೆ ಎಳೆದಿರುತ್ತದೆ. ರಾತ್ರಿ ಭುಜ ಎತ್ತಲಾಗಲಿಲ್ಲ. ಇವಳು ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕುತ್ತಾ, ಹಲ್ಲಿನ ಡಾಕ್ಟರಮ್ಮನಿಗೆ ಹೇಳಿ ನಿಮ್ಮ ಭುಜಕ್ಕೂ ಅರಿವಳಿಕೆ ಚುಚ್ಚಿಸಬೇಕು ಎಂದಳು. ಗುರುವಾರದಿಂದ ಈಚೆಗೆ ಅವಳು ಆಡಿದ ಮೊದಲ ತಮಾಷೆ. ಭುಜದ ಅರ್ಧ ನೋವು ಅಲ್ಲೇ ಇಳಿಯಿತು.

ಜೂನ್ 17, ಮಂಗಳವಾರ

ಜಗಳವಾಯಿತು. ನಾನು ಇನ್ನೊಂದು ಪ್ಲೇಟಿಗೆ ತುಂಡು ಹುಡುಕುತ್ತಿದ್ದೆ. ಇವಳು ಬಾಗಿಲಲ್ಲಿ ಬಂದು ನಿಂತಳು. ಆ ಬಾಗಿಲಲ್ಲಿ ನಿಲ್ಲಬೇಡ ಎಂದೆ. ಗರಗಸ ಹೊದ್ದು ಮಲಗಿದೆ, ಬ್ಲೇಡು ಬೀರುವಿನ ಮೇಲಿದೆ, ನನಗೆ ಏನು ಬಂದು ಬಡಿಯುತ್ತೆ ಎಂದಳು. ಏನಾದರೂ ಆಗಲಿ, ನಿಲ್ಲಬೇಡ ಎಂದು ಕೂಗಿದೆ. ನಾನು ಸಾಮಾನ್ಯವಾಗಿ ಕೂಗುವವನಲ್ಲ.

ಅವಳು ಕದಲಲಿಲ್ಲ. ತಗ್ಗಿದ ದನಿಯಲ್ಲೇ ಹೇಳಿದಳು:

"ಏಟು ಬಿದ್ದಿದ್ದು ನನಗೆ. ಹಾಸಿಗೆ ಹಿಡಿದಿರೋದು ನೀವು. ನಾನು ಎದ್ದು ಓಡಾಡ್ಕೊಂಡಿದೀನಿ, ನೀವು ಯಾವಾಗ ಏಳ್ತೀರಿ?"

ಬರೆಯುತ್ತಿರುವಾಗಲೂ ಸಿಟ್ಟು ಬರುತ್ತಿದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ಒಂದು ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅವಳು ಮುಖ ಮುಚ್ಚಿಕೊಂಡು ಕೂತಿದ್ದು, ಬೆರಳ ಸಂದಿಯಿಂದ ರಕ್ತ ಇಳಿದದ್ದು, ಅದರಲ್ಲೂ ಅವಳು ನನಗೆ ಮೊದಲು ಮಷಿನ್ ಆಫ್ ಮಾಡಿ ಎಂದದ್ದು, ಇದೆಲ್ಲ ಅವಳಿಗೆ ಕಂಡಿಲ್ಲ. ನೋಡಿದವನು ನಾನು. ಈಗಲೂ ಸ್ವಿಚ್ಚಿನ ಹತ್ತಿರ ಹೋದರೆ ಮೊದಲು ತಿರುಗಿ ಆ ಬಾಗಿಲು ನೋಡುತ್ತೇನೆ. ಅವಳಿಗೆ ಏನಾದರೂ ಆಗಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚನೆ ಬಂದರೆ ಕೈಕಾಲು ಆಡುವುದಿಲ್ಲ. ಅದಕ್ಕೆ ಹೆದರಿಕೆ ಎಂದು ಹೆಸರಿಡುವವರು ಇಟ್ಟುಕೊಳ್ಳಲಿ.

ಕೊಟ್ಟುಬಿಡುವುದೇ ಸರಿ. ಶನಿವಾರ ಲಾರಿ ಬರಲಿ.

ಜೂನ್ 19, ಗುರುವಾರ

ಇವತ್ತಿನದು ವಿವರವಾಗಿ ಬರೆಯಬೇಕು, ಯಾಕೆಂದರೆ ಇವಳು ಮಾಡಿದ ತಪ್ಪುಗಳು ಒಂದೆರಡಲ್ಲ.

ಬೆಳಿಗ್ಗೆ ತಿಂಡಿ ಮುಗಿಸಿ ವರ್ಕ್‌ಶಾಪಿಗೆ ಹೋದರೆ ಇವಳು ನನ್ನ ಏಪ್ರನ್ ಕಟ್ಟಿಕೊಂಡು, ನನ್ನ ಕನ್ನಡಕ ಹಾಕಿಕೊಂಡು, ಬೆಡ್‌ಶೀಟ್ ಮಡಿಸಿ ಪಕ್ಕಕ್ಕಿಟ್ಟು, ಗರಗಸದ ಮುಂದೆ ನಿಂತಿದ್ದಾಳೆ. ಬ್ಲೇಡನ್ನು ಬೀರುವಿನಿಂದ ಇಳಿಸಿ ತಾನೇ ತೊಡಿಸಿದ್ದಾಳೆ. ನಾನು ಬ್ಲೇಡು ಬದಲಿಸುವಾಗ ಇಷ್ಟು ವರ್ಷ ಸ್ಪ್ಯಾನರ್ ಹಿಡಿದು ನಿಂತವಳು, ನೋಡಿ ಕಲಿತಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ಹಲ್ಲುಗಳ ದಿಕ್ಕು ಸರಿಯಾಗಿತ್ತು. ನಟ್ಟು ಬಿಗಿಯಾಗಿರಲಿಲ್ಲ.

ಶನಿವಾರ ಯಂತ್ರ ಹೋಗುವುದಾದರೆ ಹೋಗಲಿ, ಇಷ್ಟು ಪ್ಲೇಟುಗಳಲ್ಲಿ ಒಂದಕ್ಕಾದರೂ ಸೀಳು ಹಾಕಿ ಕಳಿಸುತ್ತೇನೆ, ನೀವು ಮನೆಯೊಳಗೆ ಹೋಗಿ ಕೂತಿರಿ ಅಂದಳು. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಬಾ ಹೊರಗೆ ಎಂದೆ. ಅವಳು ಕೇಳಿಸಿಕೊಳ್ಳದೆ ಪ್ಲೈವುಡ್ಡಿನ ಮೊದಲ ಪ್ಲೇಟನ್ನು ಬಾಯಿಗೆ ಇಟ್ಟು ಒತ್ತುತ್ತಿದ್ದಳು.

"ಇದು ಕೂರೋದೇ ಇಲ್ಲವಲ್ಲ ರೀ."

ಕೂರದೆ ಏನು, ನಾನು ಮಾಡಿದ್ದು ಎಂದೆ. ಹತ್ತಿರ ಹೋಗಿ ನೋಡಿದೆ. ಕೂರುತ್ತಿಲ್ಲ. ಬೀಟೆಯದನ್ನು ಇಟ್ಟೆ, ಕೂರಲಿಲ್ಲ. ಅಕ್ರಿಲಿಕ್ಕಿನದು, ಲ್ಯಾಮಿನೇಟಿನದು, ಅಡುಗೆಮನೆಯಿಂದ ತರಿಸಿದ ತೇಗದ್ದು, ಒಂದೂ ಕೂರಲಿಲ್ಲ. ಎಲ್ಲವೂ ನಡುವಿನಲ್ಲಿ ಏನೋ ತಾಗಿ ತೊಟ್ಟಿಲಿನ ಹಾಗೆ ಆಡುತ್ತವೆ.

ಆಗ ಹೊಳೆಯಿತು. ನಾನು ಎಲ್ಲವನ್ನೂ ಅಳತೆ ನೋಡಿ ಕೂರಿಸಿದ್ದು ಬ್ಲೇಡು ಬಿಚ್ಚಿದ ಮೇಲೆ. ನಮ್ಮ ಗರಗಸದ ಬ್ಲೇಡನ್ನು ಎಷ್ಟು ಇಳಿಸಿದರೂ ಅದರ ನೆತ್ತಿ ಪ್ಲೇಟಿನ ಹೊಟ್ಟೆಗೆ ತಾಗುತ್ತದೆ. ಸೀಳಿಲ್ಲದ ಪ್ಲೇಟಿಗೆ ಅಡಿಯಲ್ಲಿ ಒಂದು ತೋಡು ತೆಗೆಯಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಅದನ್ನು ಮರೆತು ಒಂದರ ಮೇಲೊಂದು ಮಾಡುತ್ತಾ ಹೋಗಿದ್ದೇನೆ. ಇವಳು ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಶನಿವಾರ ಭಾಮೈದ ಬಂದು ಇವುಗಳಲ್ಲಿ ಒಂದನ್ನು ಇಟ್ಟು ನೋಡಿದ್ದರೆ ನನ್ನ ಮಾನ ಮೂರುಕಾಸಿಗೆ ಹೋಗುತ್ತಿತ್ತು.

ಕೊಡು ಇಲ್ಲಿ ಎಂದು ಪ್ಲೇಟು ಕಿತ್ತುಕೊಂಡು, ಉಳಿ ತೆಗೆದುಕೊಂಡು ಅಡಿಯಲ್ಲಿ ತೋಡು ತೆಗೆದೆ. ಕೂರಿಸಿದೆ. ಕೂತಿತು. ಬ್ಲೇಡಿನ ನಟ್ಟು ಬಿಗಿಮಾಡಿದೆ. ಪ್ಲೇಟು ಮೇಲೇಳದಂತೆ ಹಿಡಿಯಲು ಇವಳು ಒಂದು ದಪ್ಪ ಪಟ್ಟಿಯನ್ನು ಸರಿಯಾಗಿ ಬ್ಲೇಡು ಬರುವ ಜಾಗದ ಮೇಲೇ ಇಟ್ಟು ಕ್ಲಾಂಪು ಹಾಕಹೊರಟಳು. ಅಲ್ಲಿಟ್ಟರೆ ಬ್ಲೇಡು ಪ್ಲೇಟನ್ನೂ ಕೊರೆದು ಪಟ್ಟಿಯನ್ನೂ ಕೊರೆಯುತ್ತದೆ, ಪಕ್ಕಕ್ಕೆ ಇಡು ಎಂದೆ. ಇಟ್ಟಳು. ಅಲ್ಲಿ ನಿಲ್ಲಬೇಡ, ಬ್ಲೇಡಿನ ಎದುರು ಎಂದೂ ನಿಲ್ಲಬಾರದು, ಎಡಕ್ಕೆ ಬಾ ಎಂದೆ. ಬಂದಳು. ಬ್ಲೇಡು ಏರಿಸುವ ಚಕ್ರ ಯಾವ ಕಡೆ ತಿರುಗಿಸಬೇಕು ಎಂದು ಕೇಳಿದಳು. ಇಷ್ಟೂ ಗೊತ್ತಿಲ್ಲದೆ ಬಂದಿದ್ದೀಯಾ ಎಂದು ಬೈದು, ತೋರಿಸಿ, ಪ್ಲಗ್ ಹಾಕಿ, ಸ್ವಿಚ್ ಒತ್ತಿದೆ. ಈಗ ತಿರುಗಿಸು, ನಿಧಾನ, ಇನ್ನೂ ನಿಧಾನ, ನೀರು ಸೇದುತ್ತಿಲ್ಲ ನೀನು ಎಂದು ಗಂಟಲು ಹರಿಯುವಂತೆ ಕೂಗಿದೆ.

ನನ್ನ ಮಾತು ಕೇಳಿದ್ದರೆ ತಾನೇ. ಗಡಿಬಿಡಿಯಲ್ಲಿ ತಿರುಗಿಸಿದ್ದಕ್ಕೆ ಸೀಳಿನ ಒಂದು ಅಂಚು ಸುಟ್ಟು ಕಪ್ಪಾಗಿದೆ. ಹೊಗೆಯೂ ಬಂತು. ಹಲ್ಲು ಮೇಲೆ ಬಂದಾಗ ಇವಳು ಚಕ್ರ ಬಿಟ್ಟು ಚಪ್ಪಾಳೆ ತಟ್ಟಿದಳು, ಅದೂ ತಪ್ಪು, ಕೆಲಸ ಮುಗಿಯುವವರೆಗೆ ಕೈ ಚಕ್ರದ ಮೇಲಿರಬೇಕು.

ಉಳಿದವನ್ನು ನಾನೇ ಮಾಡಿದೆ. ಬೀಟೆಯದಕ್ಕೆ ಬಂದ ಸೀಳು ನೋಡಬೇಕು, ಬ್ಲೇಡು ಮತ್ತು ಮರದ ನಡುವೆ ಕಾಗದ ತೂರುವುದಿಲ್ಲ. ಅಕ್ರಿಲಿಕ್ ಕರಗಿ ಹಲ್ಲಿಗೆ ಮೆತ್ತಿಕೊಂಡಿತು, ನಾನು ಮೊದಲೇ ಅಂದುಕೊಂಡಿದ್ದೆ. ಸಂಜೆ ಡಾಕ್ಟರಮ್ಮನ ಒಂದು ಹಾಳೆಯನ್ನು ಕೊಯ್ದು ನೋಡಿದೆ. ಅಡಿಭಾಗದಲ್ಲಿ ಒಂದು ಚಕ್ಕೆ ಎದ್ದಿಲ್ಲ, ಬೆಣ್ಣೆ ಕತ್ತರಿಸಿದ ಹಾಗಿದೆ. ಇನ್ನೊಂದನ್ನೂ ಕೊಯ್ದೆ.

ಜೂನ್ 20, ಶುಕ್ರವಾರ

ಪುರುಸೊತ್ತಿಲ್ಲ. ಒಂಬತ್ತು ಬಾಗಿಲು ಆಯಿತು. ಓರೆ ಕೊಯ್ಯುವುದಕ್ಕೆ ಬೇರೆಯೇ ಪ್ಲೇಟು ಬೇಕು, ಬ್ಲೇಡು ಬಾಗಿಸಿದರೆ ಇದರ ಸೀಳು ಹಾಳು.

ಜೂನ್ 21, ಶನಿವಾರ

ಬೆಳಿಗ್ಗೆ ದೊಡ್ಡ ಹಾಳೆಯೊಂದನ್ನು ಅರ್ಧ ತಳ್ಳಿದ್ದೆ, ಎದುರಿಗೆ ಭಾಮೈದ ಕಾಣಿಸಿಕೊಂಡ. ಏನೋ ಹೇಳಿದ, ಸದ್ದಿಗೆ ಕೇಳಿಸಲಿಲ್ಲ. ಬಂದದ್ದೇ ಒಳ್ಳೆಯದಾಯಿತು ಎಂದುಕೊಂಡು, ಆಚೆ ತುದಿ ಹಿಡಿ ಎಂದು ಕೈಸನ್ನೆ ಮಾಡಿದೆ. ಹಿಡಿದ. ಒಳ್ಳೆಯ ಹುಡುಗ, ಕೈಯಲ್ಲಿ ಬಲವಿದೆ. ಇನ್ನೊಂದು ಹಾಳೆ ಎತ್ತಿಟ್ಟೆ, ಅದನ್ನೂ ಹಿಡಿದ. ಹೊರಗೆ ಅವನ ಲಾರಿ ನಿಂತಿತ್ತು. ಹಗ್ಗ ಹಿಡಿದುಕೊಂಡು ಬಂದಿದ್ದ ಇಬ್ಬರು ಕೂಲಿಯವರು ಜಗಲಿಯಲ್ಲಿ ಕೂತಿದ್ದರು. ಅವರನ್ನೂ ಯಾಕೆ ಸುಮ್ಮನೆ ಕೂರಿಸಬೇಕು ಎಂದು ಕೊಯ್ದ ಬಾಗಿಲುಗಳನ್ನು ಇವಳ ಪಾಲಿಶ್ ಕೋಣೆಗೆ ಸಾಗಿಸಲು ಹೇಳಿದೆ. ಇವಳು ಕುಂಚ ಹಿಡಿದು ಆಗಲೇ ಶುರು ಮಾಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮನ ಹಾಳೆಗಳೆಲ್ಲ ಮುಗಿದವು. ಗರಗಸ ನಿಲ್ಲಿಸಿದಾಗ ಭಾಮೈದನ ತಲೆ, ಹುಬ್ಬು, ಮೀಸೆ ಎಲ್ಲ ಮರದ ಪುಡಿ. ಅವನು ಸ್ವಲ್ಪ ಹೊತ್ತು ಗರಗಸವನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಬೀಟೆಯ ಪ್ಲೇಟಿನ ಮೇಲೆ ಬೆರಳು ಆಡಿಸಿ, ನನ್ನ ಹಳೇ ಗರಗಸಕ್ಕೂ ಇಂಥದ್ದೊಂದು ಮಾಡಿಕೊಡ್ತೀರಾ ಭಾವ ಎಂದು ಕೇಳಿದ. ಅಳತೆ ಕಳಿಸು ಎಂದೆ. ಬ್ಲೇಡು ತೊಡಿಸಿಯೇ ಅಳತೆ ತೆಗೆದುಕೋ, ಇಲ್ಲದಿದ್ದರೆ ಪ್ಲೇಟು ಕೂರುವುದಿಲ್ಲ, ಬಹಳ ಜನ ಈ ತಪ್ಪು ಮಾಡುತ್ತಾರೆ ಎಂದು ಎಚ್ಚರಿಕೆಯನ್ನೂ ಹೇಳಿ ಕಳಿಸಿದೆ. ಕೂಲಿಯವರು ಹಗ್ಗ ಸುತ್ತಿಕೊಂಡು ಖಾಲಿ ಲಾರಿ ಹತ್ತಿದರು.

ಸಂಜೆ ಕೈ ತೊಳೆದುಕೊಳ್ಳುವಾಗ ಇವಳು, ತಮ್ಮ ಬೆಳಿಗ್ಗೆ ಯಾಕೆ ಬಂದಿದ್ದ ಎಂದು ಕೇಳಿದಳು. ಪ್ಲೇಟು ಮಾಡಿಸಿಕೊಳ್ಳುವುದಕ್ಕೆ ಎಂದೆ.

"ಲಾರಿ ತಗೊಂಡಾ?"

ಪೇಟೆಯಲ್ಲಿ ಏನಾದರೂ ಹೇರುವುದಿತ್ತೇನೋ ಎಂದೆ. ಅವಳು ನಗುವುದಕ್ಕೆ ಶುರು ಮಾಡಿದಳು. ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು. ಇದರಲ್ಲಿ ಇಷ್ಟು ನಗುವುದೇನಿದೆಯೋ ನನಗೆ ತಿಳಿಯಲಿಲ್ಲ. ನಕ್ಕು ನಕ್ಕು ಕೊನೆಗೆ ಅಳುತ್ತಿದ್ದಾಳೆ ಎಂದು ಗೊತ್ತಾದಾಗ ಗಾಬರಿಯಾಗಿ ಪಕ್ಕದಲ್ಲಿ ಕೂತು ಏನಾಯಿತು ಎಂದೆ. ಏನಿಲ್ಲ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾಳೆ ಎಷ್ಟು ಹೊತ್ತಿಗೆ ಶುರು ಮಾಡ್ತೀರಿ?"

ನಾಳೆ ಭಾನುವಾರ. ಎಂಟಕ್ಕೆ ಎಂದೆ.